ಕಿಟಕಿ ಹಸುವಿನ ಹೆಪ್ಪು

ಹಸುವಿನ ಹೊಟ್ಟೆಯೊಳಗೆ ಕೈ ಇಳಿಸಿದಾಗ ಮೊದಲು ಗೊತ್ತಾಗುವುದು ಅದರ ಬಿಸಿ. ಆಮೇಲೆ ನೆನೆದ ಹುಲ್ಲು ಬೆರಳಿಗೆ ತಾಗುತ್ತದೆ, ಅದರ ಕೆಳಗೆ ಗಂಜಿಯಂಥ ನೀರು. ಹನ್ನೆರಡು ವರ್ಷದಿಂದ ಪಶು ಪರೀಕ್ಷಕಿಯಾಗಿದ್ದ ಪಂಕಜಾ ಗರ್ಭ ನೋಡಲು, ಅಡ್ಡ ಸಿಕ್ಕ ಕರು ಎಳೆಯಲು ಎಷ್ಟೋ ಹಸುಗಳೊಳಗೆ ಕೈ ಹಾಕಿದ್ದವಳು. ಆದರೆ ಪಕ್ಕೆಯಿಂದ, ಹಗಲು ಬೆಳಕಿನಲ್ಲಿ, ಹಸು ನಿಂತಲ್ಲೇ ಮೇಯುತ್ತಿರುವಾಗ ಅದರ ಹೊಟ್ಟೆಗೆ ಕೈ ಹಾಕಿದ್ದು ಮೇವು ಸಂಶೋಧನಾ ಕೇಂದ್ರಕ್ಕೆ ಬಂದ ಮೇಲೆಯೇ.

ಆ ಹಸುವಿನ ಎಡ ಪಕ್ಕೆಯಲ್ಲಿ ಊಟದ ತಟ್ಟೆಯಗಲದ ತೂತು ಮಾಡಿ, ರಬ್ಬರಿನ ಚೌಕಟ್ಟು ಕೂರಿಸಿ, ತಿರುಗಿಸಿ ತೆಗೆಯುವ ಮುಚ್ಚಳ ಹಾಕಿದ್ದರು. ಕೇಂದ್ರದವರೆಲ್ಲ ಆ ಹಸುವನ್ನೇ ಕಿಟಕಿ ಎಂದು ಕರೆಯುತ್ತಿದ್ದರು. ಕಿಟಕಿಗೆ ನೋವಿರಲಿಲ್ಲ. ಪಂಕಜಾಳ ಕೈ ಹೊಟ್ಟೆಯೊಳಗಿರುವಾಗಲೂ ಅದು ಅವಳತ್ತ ಕತ್ತು ತಿರುಗಿಸಿ, ಬಾಯಾಡಿಸುತ್ತ ನೋಡುತ್ತಿತ್ತು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಇಂದುಶೇಖರ್ ಮೂವತ್ತು ವರ್ಷ ಸಗಣಿ ತೊಳೆದವರು. ಜರಡಿಯ ಮೇಲೆ ಸಗಣಿ ಹಾಕಿ, ನೀರು ಬಿಟ್ಟು, ಜರಡಿಯಲ್ಲಿ ಉಳಿದ ನಾರನ್ನು ಒಣಗಿಸಿ ತೂಗುತ್ತಿದ್ದರು. ತಿಂದದ್ದರಲ್ಲಿ ಎಷ್ಟು ಹಾಲಾಯಿತು, ಎಷ್ಟು ಹಾಗೇ ಹೊರಗೆ ಬಂತು ಎಂಬ ಲೆಕ್ಕವೇ ಅವರ ಜೀವನವಾಗಿತ್ತು.

"ಎರಡು ಎಕರೆ ಇಟ್ಕೊಂಡೋರು ಹಸುಗೆ ಏನು ಹಾಕ್ತಾರೆ ಹೇಳಿ ಪಂಕಜಾ?" ಎಂದು ಅವರು ಒಮ್ಮೆ ಕೇಳಿದ್ದರು. "ರಾಗಿ ಹುಲ್ಲು, ಹುರುಳಿ ಹೊಟ್ಟು, ಜೋಳದ ದಂಟು, ಕಡಲೆಕಾಯಿ ಬಳ್ಳಿ. ಬೆಳೆ ತಮಗೆ, ಉಳಿದದ್ದು ಹಸುಗೆ. ಆ ಉಳಿದದ್ದರಲ್ಲೂ ಅರ್ಧ ಜೀರ್ಣವೇ ಆಗಲ್ಲ. ಕಾಂಡದೊಳಗಿರೋ ಮರದಂಥ ನಾರಿಗೆ ಹಸುವಿನ ಹೊಟ್ಟೆಯ ಕ್ರಿಮಿಗಳು ಬಾಯಿ ಹಾಕಲಾರವು. ಆ ಅರ್ಧವೂ ಹಾಲಾಗೋದಾದ್ರೆ?"

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತಿಪಟೂರಿನ ಹತ್ತಿರದ ಒಂದು ಸಾಮಿಲ್ಲಿನಲ್ಲಿ. ಅಲ್ಲಿ ಯಾರೋ ಬಿಟ್ಟುಹೋದ ಮುದಿ ಹಸುವೊಂದು ಗರಗಸದ ಹೊಟ್ಟು, ಹಳೆಯ ಗೋಣಿಚೀಲ, ತೆಂಗಿನ ನಾರಿನ ಪುಡಿ ತಿಂದುಕೊಂಡು ಎರಡು ವರ್ಷದಿಂದ ಬದುಕಿತ್ತು. ಬದುಕಿದ್ದಷ್ಟೇ ಅಲ್ಲ, ಮೈ ತುಂಬಿಕೊಂಡಿತ್ತು. ಡಾಕ್ಟರು ಅದರ ಹೊಟ್ಟೆಯ ನೀರು ತಂದು ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಬಿಳಿ ಎಳೆ ಎಳೆಯಾದ ಒಂದು ಶಿಲೀಂಧ್ರ ಕಾಣಿಸಿತು. ಮರದ ನಾರನ್ನು ಅದು ಕರಗಿಸುತ್ತಿತ್ತು. ಅದನ್ನು ಕಿಟಕಿಯ ಹೊಟ್ಟೆಗೆ ಬಿಟ್ಟರು. ವಾರದೊಳಗೆ ಕಿಟಕಿ ತೊಗರಿ ಕಡ್ಡಿಯನ್ನು ಎಳೆ ಹುಲ್ಲಿನಂತೆ ತಿಂದು ಹಾಲು ಕೊಡತೊಡಗಿತು. ಇನ್ನು ಕಿಟಕಿಯ ಮುಚ್ಚಳ ತೆಗೆದು, ಎರಡು ಲೀಟರ್ ನೀರು ಹಿಂಡಿ, ಬೇರೆ ಹಸುವಿಗೆ ಕುಡಿಸಿದರೆ ಸಾಕಿತ್ತು. ಕಡತದಲ್ಲಿ ಅದಕ್ಕೊಂದು ಉದ್ದ ಹೆಸರಿತ್ತು. ಜನ ಮಾತ್ರ ಹೆಪ್ಪು ಎಂದರು. ಒಂದು ಚಮಚ ಮೊಸರಿನಿಂದ ಒಂದು ಪಾತ್ರೆ ಹಾಲು ಮೊಸರಾಗುವಂತೆ ಇದೂ ಒಂದರಿಂದ ಒಂದಕ್ಕೆ ಹಬ್ಬುತ್ತಿತ್ತು.

ಹಳ್ಳಿಯಲ್ಲಿ ಮೊದಲ ಹೆಪ್ಪು ಹಾಕಿಸಿಕೊಂಡದ್ದು ಪಂಕಜಾಳ ಮನೆಯ ಕೆಂದಿ.

ಅವಳ ಅತ್ತೆ ಸಿದ್ಧಗಂಗಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಮನೆಯ ದನಗಳಿಗೆ ಮೇವು ನೀರು ನೋಡಿಕೊಂಡವರು ಅವರು. ಕೆಂದಿ ಅವರ ಕೈಯಲ್ಲೇ ಹುಟ್ಟಿದ ಕರು.

"ಇನ್ನೊಂದು ಹಸಾ ತಿಂದು ಅರಗಿಸಿದ್ದ ತಂದು ಇದರ ಬಾಯಿಗೆ ಹುಯ್ತೀನಿ ಅಂತೀಯಲ್ಲ, ಅಸಯ್ಯ ಆಗಲ್ವೇನೇ?"

"ಅತ್ತೆ, ಕರು ಹುಟ್ಟಿದ ಮೇಲೆ ತಾಯಿ ನೆಕ್ಕುತ್ತಲ್ಲ, ಆಗ ತಾಯಿ ಜೊಲ್ಲಿಂದಲೇ ಕರು ಹೊಟ್ಟೆಗೆ ಕ್ರಿಮಿ ಹೋಗೋದು. ಇದೂ ಅಷ್ಟೇ."

"ತಾಯಿ ನೆಕ್ಕೋದಕ್ಕೂ ನೀನು ಕೊಳವೆ ಹಾಕೋದಕ್ಕೂ ಒಂದೇನಾ?" ಎಂದರು ಸಿದ್ಧಗಂಗಮ್ಮ. ಆದರೂ ಬಾಗಿಲು ಬಿಟ್ಟರು. ಸೊಸೆ ಸರ್ಕಾರದ ಕೆಲಸದವಳು, ಅವಳು ಇಷ್ಟು ಹೇಳುವಾಗ ಇಲ್ಲವೆನ್ನುವುದು ಹೇಗೆ ಎಂದು ಅವರಿಗೆ ಅನಿಸಿರಬೇಕು. ಕೆಂದಿಯ ದವಡೆ ಹಿಡಿದುಕೊಂಡು ನಿಂತವರೂ ಅವರೇ.

ಹತ್ತನೆಯ ದಿನಕ್ಕೆ ಕೆಂದಿಯ ಹಾಲು ಹೆಚ್ಚಿತು. ತಿಂಗಳಿಗೆ ಎರಡರಷ್ಟಾಯಿತು. ಹಿಂಡಿ ಇಲ್ಲ, ಬೂಸಾ ಇಲ್ಲ, ಬರಿಯ ಜೋಳದ ದಂಟು ಮತ್ತು ಒಲೆಗೆಂದು ಒಟ್ಟಿದ್ದ ತೊಗರಿ ಕಡ್ಡಿ. ಡೇರಿಯಲ್ಲಿ ಹಾಲು ಅಳೆಯುವವನು ಎರಡು ಸಲ ಅಳೆದ. ನೀರು ಬೆರೆಸಿದ್ದಾರೆಂಬ ಗುಮಾನಿ ಬಂದು ಪರೀಕ್ಷೆಯನ್ನೂ ಮಾಡಿದ. ಹಾಲು ಗಟ್ಟಿಯಾಗೇ ಇತ್ತು. ಆ ಸಂಜೆಯಿಂದ ಪಂಕಜಾಳ ಮನೆಯ ಜಗುಲಿಯ ಮೇಲೆ ಹೆಂಗಸರು ಬಂದು ಕೂರತೊಡಗಿದರು. "ನಮ್ ಹಸಾಗೂ ಒಂಚೂರು ಹಾಕ್ಕೊಡವ್ವ." ಅವಳು ಬೈಕಿನ ಹಿಂದೆ ಬಿಸಿನೀರಿನ ಡಬ್ಬ ಕಟ್ಟಿಕೊಂಡು, ಅದರೊಳಗೆ ಹೆಪ್ಪಿನ ಕ್ಯಾನು ಇಟ್ಟುಕೊಂಡು ಊರೂರು ಅಲೆದಳು. ತಾಲ್ಲೂಕಿಗೆ ತಾಲ್ಲೂಕೇ ಕೇಳುತ್ತಿತ್ತು. ಆರು ತಿಂಗಳಾದ ಮೇಲೆ ಅವಳು ಹೋಗುವ ಅಗತ್ಯವೂ ಉಳಿಯಲಿಲ್ಲ. ಒಂದೇ ತೊಟ್ಟಿಯಲ್ಲಿ ನೀರು ಕುಡಿದ ಹಸುಗಳಿಗೆಲ್ಲ ಹೆಪ್ಪು ತಾನಾಗಿಯೇ ಹತ್ತುತ್ತಿತ್ತು. ಒಣಗಿದ ಜೊಲ್ಲಿನಲ್ಲೂ ಅದರ ಬೀಜಕಣ ಒಂದೆರಡು ದಿನ ಬದುಕಿರುತ್ತದೆ ಎಂದು ಡಾಕ್ಟರು ಹೆಮ್ಮೆಯಿಂದ ಹೇಳಿದ್ದರು.

ಆ ವರ್ಷ ಪಂಕಜಾಳ ಮನೆಯಲ್ಲಿ ತುಪ್ಪ ತೀರಿದ್ದೇ ಇಲ್ಲ. ತೆಂಗಿನ ನಾರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಗಂಡ ಶಿವಾನಂದ, ಕಾರ್ಖಾನೆಯವರು ಗುಡ್ಡೆ ಹಾಕುತ್ತಿದ್ದ ನಾರಿನ ಪುಡಿಯನ್ನು ಚೀಲದಲ್ಲಿ ಹೊತ್ತು ತರುತ್ತಿದ್ದ. ಕೆಂದಿ ಅದನ್ನೂ ತಿಂದಿತು.

ಮೊದಲು ತೊಂದರೆ ಗಮನಿಸಿದವರು ಸಿದ್ಧಗಂಗಮ್ಮ. ಬೆಳಿಗ್ಗೆ ಕೊಟ್ಟಿಗೆ ಬಳಿಯಲು ಹೋದವರು ಬರಿಯ ಕೈಯಲ್ಲಿ ಬಂದು ಅಡುಗೆಮನೆಯ ಹೊಸಿಲ ಮೇಲೆ ಕುಳಿತರು.

"ಪಂಕಜ, ಅಂಗಳಕ್ಕೆ ಸಾರ್ಸಾಕೂ ಸಗಣಿ ಇಲ್ಲ ಕಣೆ."

"ಹಾಕಿಲ್ವಾ?"

"ಹಾಕೈತೆ. ಒಂದು ಬೊಗಸೆ. ಅದೂ ಕರಿ ನೀರು ಇದ್ದಂಗೈತೆ, ಕೈಗೇ ಸಿಗಲ್ಲ. ಮೊದ್ಲು ಒಂದು ಹೆಡಿಗೆ ತುಂಬ್ತಿತ್ತು."

ಅವಳು ಅದನ್ನು ಡಾಕ್ಟರಿಗೆ ಹೇಳಿದಳು. ಡಾಕ್ಟರು ತಾವೇ ಬಂದು, ಕೆಂದಿ ಹಾಕಿದ್ದನ್ನು ಡಬ್ಬಿಗೆ ತುಂಬಿಕೊಂಡು ಹೋಗಿ, ಜರಡಿಯ ಮೇಲೆ ಸುರಿದು ನೀರು ಬಿಟ್ಟರು. ಎಲ್ಲವೂ ಇಳಿದುಹೋಯಿತು. ಜರಡಿಯಲ್ಲಿ ಒಂದು ಎಳೆಯೂ ಉಳಿಯಲಿಲ್ಲ. ಬರಿದಾದ ಜರಡಿಯನ್ನು ಬೆಳಕಿಗೆ ಹಿಡಿದು ಅವರು ನಿಂತೇ ಇದ್ದರು. ಅವರ ಕಣ್ಣು ತುಂಬಿತ್ತು.

"ಮೂವತ್ತು ವರ್ಷದಲ್ಲಿ ಇದನ್ನ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ ಪಂಕಜಾ. ಒಂದು ಚೂರೂ ದಂಡ ಆಗಿಲ್ಲ. ಎಲ್ಲಾ ಹಾಲಾಗಿದೆ."

ಪಂಕಜಾ ಆಗ ಅವರ ಜೊತೆ ನಕ್ಕಿದ್ದಳು. ದಂಡವಾಗುತ್ತಿದ್ದ ಆ ಅರ್ಧ ಎಲ್ಲಿಗೆ ಹೋಗುತ್ತಿತ್ತು ಎಂದು ಅವಳಿಗಾಗಲಿ ಅವರಿಗಾಗಲಿ ಹೊಳೆಯಲಿಲ್ಲ. ಅದು ತಿಪ್ಪೆಗೆ ಹೋಗುತ್ತಿತ್ತು, ತಿಪ್ಪೆಯಿಂದ ಹೊಲಕ್ಕೆ ಹೋಗುತ್ತಿತ್ತು. ಯುಗಾದಿ ಕಳೆದ ಮೇಲೆ ಗೊಬ್ಬರ ಹೊಡೆಯಲು ಗಾಡಿ ಕಟ್ಟಿದವರು, ತಿಪ್ಪೆಗುಂಡಿಯಲ್ಲಿ ಬೂದಿ ಮತ್ತು ಪ್ಲಾಸ್ಟಿಕ್ ಬಿಟ್ಟು ಬೇರೇನೂ ಇಲ್ಲದ್ದು ನೋಡಿ ಗಾಡಿ ಬಿಚ್ಚಿದರು. ಎರಡನೆಯ ವರ್ಷ ಹೊಲದಲ್ಲಿ ಕೂಳೆಯೂ ಉಳಿಯಲಿಲ್ಲ. ಅದನ್ನೂ ಕಿತ್ತು ಹಸುವಿಗೆ ಹಾಕಿದ್ದರು. ಮಳೆ ಚೆನ್ನಾಗೇ ಆಯಿತು. ಆದರೆ ಬಿದ್ದ ನೀರು ಮಣ್ಣಲ್ಲಿ ನಿಲ್ಲದೆ ಹರಿದುಹೋಯಿತು. ನೆಲ ಗಾರೆಯಂತೆ ಗಟ್ಟಿಯಾಯಿತು. ರಾಗಿ ಮೊಣಕಾಲಿಗೂ ಬರದೆ ತೆನೆ ಬಿಟ್ಟಿತು. ಅಂಗಡಿಯ ಗೊಬ್ಬರ ಹಾಕಿದವರ ಹೊಲವೂ ಅಷ್ಟಕ್ಕಷ್ಟೇ. ತೆನೆ ಸಣ್ಣದಾಯಿತು, ಹುಲ್ಲು ಗಿಡ್ಡವಾಯಿತು. ಇತ್ತ ಹಸುಗಳ ಹಸಿವು ಬೆಳೆಯುತ್ತಿತ್ತು.

ಮೂರನೆಯ ವರ್ಷದ ಬೇಸಿಗೆಯಲ್ಲಿ ಕೆಂದಿ ಕೊಟ್ಟಿಗೆಯ ಕಂಬ ಕಡಿಯಲು ಶುರು ಮಾಡಿತು.

ಎಲ್ಲ ಊರಿನಲ್ಲೂ ಅದೇ ಕತೆ. ಹಸುಗಳು ಗೂಟ ತಿಂದವು, ಹಗ್ಗ ತಿಂದವು, ನೇಗಿಲ ಮೇಣಿ ತಿಂದವು, ಗುಡಿಸಲ ಗರಿ ಎಳೆದವು. ಒಂದೂರಲ್ಲಿ ಶಾಲೆಯ ಬೆಂಚಿನ ಕಾಲು ಹೋಗಿತ್ತು. ಹೊಟ್ಟೆ ತುಂಬ ಹಾಕಿದರೂ ಎರಡು ಗಂಟೆಗೆ ಮತ್ತೆ ಕೂಗುತ್ತಿದ್ದವು. ಆ ಕೂಗು ಮನೆಗಳಲ್ಲಿ ಮಾತಾಡಗೊಡುತ್ತಿರಲಿಲ್ಲ. ಹಾಲು ಇಳಿಯುತ್ತಾ ಬಂತು. ಪಕ್ಕೆಲುಬು ಎದ್ದು ಕಂಡವು.

ಕೇಂದ್ರದಲ್ಲಿ ಒಂದು ನಿಗಾ ಕೋಣೆಯಿತ್ತು. ಹೆಪ್ಪು ಹಾಕಿಸಿಕೊಂಡ ಹಸುಗಳಲ್ಲಿ ಸಾವಿರದ ನಾನೂರಕ್ಕೆ, ಹೆಪ್ಪು ಹಾಕುವ ಮೊದಲೇ, ಹೆಬ್ಬೆರಳು ಗಾತ್ರದ ಒಂದೊಂದು ಗುಳಿಗೆ ನುಂಗಿಸಿದ್ದರು. ಅದು ಹೊಟ್ಟೆಯಲ್ಲೇ ಕುಳಿತು, ಅಲ್ಲಿನ ಬಿಸಿ, ಹುಳಿ, ಅಲುಗಾಟವನ್ನು ಗಂಟೆಗೊಮ್ಮೆ ತಿಳಿಸುತ್ತಿತ್ತು. ಒಂದು ಮಧ್ಯಾಹ್ನ ಪಂಕಜಾ ಆ ಪರದೆಯ ಮುಂದೆ ಕುಳಿತು ಕೆಂದಿಯ ಮೂರು ವರ್ಷದ ಗೆರೆಯನ್ನು ಹಿಂದಕ್ಕೆ ಸರಿಸುತ್ತ ಹೋದಳು. ಹೆಪ್ಪಿಗೆ ಮೊದಲು ದಿನಕ್ಕೆ ಎಂಟು ಗಂಟೆ ಕಾಲ ಒಂದು ಸಣ್ಣ ಅಲೆ ಇತ್ತು. ಹೆಪ್ಪು ಹಾಕಿದ ಮೇಲೆ ಅದು ಆರು ಗಂಟೆಯಾಗಿ, ಮೂರಾಗಿ, ಕೊನೆಗೆ ಇಲ್ಲವೇ ಇಲ್ಲ. ಅವಳು ಬೇರೆ ಹಸುಗಳ ಗೆರೆ ತೆಗೆದಳು. ಎಲ್ಲೂ ಆ ಅಲೆ ಇರಲಿಲ್ಲ.

"ಸರ್, ಇವು ಮೆಲುಕು ಹಾಕ್ತಾ ಇಲ್ಲ," ಎಂದಳು.

ಡಾಕ್ಟರು ಕನ್ನಡಕ ತೆಗೆದು ಪರದೆಗೆ ಮುಖ ಹತ್ತಿರ ತಂದರು. ಆಮೇಲೆ ಒಂದೊಂದೇ ಮಾತು ಜೋಡಿಸಿಕೊಂಡು ಹೇಳಿದರು. ಹುಲ್ಲು ಹೊಟ್ಟೆಯಲ್ಲಿ ಕರಗದೆ ಕೂತಿದ್ದರೇ ಅದು ಬಾಯಿಗೆ ಮರಳಿ ಬರುವುದು. ಅದನ್ನು ಅಗಿಯುತ್ತ ಹಸು ಮಲಗುತ್ತದೆ, ದಣಿವಾರಿಸಿಕೊಳ್ಳುತ್ತದೆ, ತನಗೆ ಹೊಟ್ಟೆ ತುಂಬಿದೆ ಎಂದು ತಿಳಿಯುತ್ತದೆ. ಈಗ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ. ಎಷ್ಟು ತಿಂದರೂ ಅದರ ಪಾಲಿಗೆ ಅದು ಖಾಲಿ ಹೊಟ್ಟೆಯೇ.

"ಮೊದಲ ವರ್ಷ ಮೇವು ಬೇಕಾದಷ್ಟಿತ್ತು. ಗೊತ್ತಾಗ್ಲಿಲ್ಲ," ಎಂದರು. ಆಮೇಲೆ ಎದ್ದು ಹೋಗಿ, ತೊಳೆಯುವ ಜಾಗದಲ್ಲಿ ಒಬ್ಬರೇ ನಿಂತರು.

ಹೆಪ್ಪನ್ನು ತೆಗೆಯುವ ದಾರಿ ಒಂದಿತ್ತು. ಪಕ್ಕೆ ಕೊಯ್ದು ಹೊಟ್ಟೆ ಪೂರ್ತಿ ಬರಿದು ಮಾಡಿ, ತೊಳೆದು, ನಾಲ್ಕು ದಿನ ಶಿಲೀಂಧ್ರ ಕೊಲ್ಲುವ ಔಷಧಿ ಕೊಡುವುದು. ಆದರೆ ಬರಿದಾದ ಹೊಟ್ಟೆಗೆ ಮತ್ತೆ ಒಳ್ಳೆಯ ಕ್ರಿಮಿಗಳನ್ನು ತುಂಬಬೇಕು. ಅದಕ್ಕೆ ಹೆಪ್ಪು ತಾಗದ ಹಸು ಬೇಕು. ಹೊರರಾಜ್ಯದ ದೊಡ್ಡ ಫಾರಮ್ಮಿನಿಂದ ಎರಡು ಸಲ ಹೊಟ್ಟೆನೀರು ತರಿಸಿದರು. ಆ ಹಸುಗಳು ಹಸಿರು ಮೇವು, ಹಿಂಡಿ ತಿಂದು ಬೆಳೆದವು. ಇಲ್ಲಿ ಉಳಿದಿದ್ದುದು ಒಣ ರಾಗಿ ಹುಲ್ಲು. ಹೊಸ ಕ್ರಿಮಿಗಳಿಗೆ ಅದು ಒಗ್ಗಲಿಲ್ಲ. ಹೊಟ್ಟೆ ಉಬ್ಬರಿಸಿ ಹದಿನೇಳು ಹಸು ಸತ್ತವು. ಅದರಲ್ಲಿ ಕಿಟಕಿಯೂ ಒಂದು.

"ಈ ನೆಲದ ಒಣ ಮೇವನ್ನೇ ತಿಂದು, ಹೆಪ್ಪು ಸೋಕದೆ ಉಳಿದಿರೋ ಹಸು ಬೇಕು," ಎಂದರು ಡಾಕ್ಟರು. "ಎಲ್ಲಾದ್ರೂ ಇದ್ಯಾ ಅಂತ ನೋಡಿ. ನಂಗಂತೂ ನಂಬಿಕೆ ಇಲ್ಲ."

ಪಂಕಜಾ ಕಾಲುಬಾಯಿ ಜ್ವರದ ಚುಚ್ಚುಮದ್ದಿನ ಹಳೆಯ ರಿಜಿಸ್ಟರುಗಳನ್ನು ತೆಗೆದು ಕುಳಿತಳು. ಡೇರಿಗೆ ಹಾಲು ಹಾಕುವವರ ಹೆಸರುಗಳನ್ನೆಲ್ಲ ಹೊಡೆದುಹಾಕುತ್ತ ಹೋದಾಗ ಕೊನೆಗೆ ಉಳಿದ ಹೆಸರು ಈರಕ್ಕನದು. ಕರಡಿಗುಡ್ಡದ ಬುಡದಲ್ಲಿ, ಊರಿಂದ ಒಂದೂವರೆ ಮೈಲಿ ಆಚೆ ಒಂಟಿ ಮನೆ. ಒಂದೇ ಹಸು. ಆರು ವರ್ಷದ ಹಿಂದೆ ಚುಚ್ಚುಮದ್ದು ಹಾಕಲು ಹೋದಾಗ ಈರಕ್ಕ ಮಜ್ಜಿಗೆ ಕೊಟ್ಟು ಕಳಿಸಿದ್ದು ಪಂಕಜಾಗೆ ನೆನಪಾಯಿತು.

ಐದು ದಿನದ ಮೇಲೆ, ಬೆಳಿಗ್ಗೆ ಹೊರಡುವ ಮೊದಲು ಕೊಟ್ಟಿಗೆಯ ಮುಂದೆ ಹಾದುಹೋಗುವಾಗ ಕೆಂದಿ ಕತ್ತು ಚಾಚಿ ಅವಳ ಜಡೆಯ ತುದಿಯನ್ನು ಬಾಯಿಗೆ ಎಳೆದುಕೊಂಡಿತು. ಅವಳು ಬಿಡಿಸಿಕೊಂಡು, ಅದರ ಹಣೆ ನೇವರಿಸಿ ಹೋದಳು. ಕೇಂದ್ರದಲ್ಲಿ ಕೈಕಾಲು ಔಷಧಿ ನೀರಿನಲ್ಲಿ ತೊಳೆದಳು. ಬಟ್ಟೆ ಬದಲಿಸಿದಳು. ಹೊಸ ಚಪ್ಪಲಿ, ಹೊಸ ಕೊಳವೆ, ಪೊಟ್ಟಣ ಒಡೆಯದ ಕೈಗವಸು. ಹಸುಗಳಿದ್ದ ಊರೊಳಗೆ ಹೋಗದೆ ಗುಡ್ಡದ ಹಿಂದಿನಿಂದ ನಡೆದು ಹೋದಳು.

ಈರಕ್ಕನ ಮನೆಯ ಮುಂದೆ ಸಾರಿಸಿದ ಅಂಗಳ ಕಂಡಾಗ ಅವಳ ಕಾಲು ತಾನಾಗಿ ನಿಂತಿತು. ಎರಡು ವರ್ಷದಿಂದ ಅವಳು ಸಗಣಿ ಸಾರಿಸಿದ ಅಂಗಳ ನೋಡಿರಲಿಲ್ಲ. ಗೋಡೆಯ ಮೇಲೆ ಬೆರಣಿ ತಟ್ಟಿತ್ತು. ಬೇವಿನ ಮರದ ಕೆಳಗೆ ಬೂದುಬಣ್ಣದ ಮುದಿ ಹಸು ಕಾಲು ಮಡಿಸಿ ಮಲಗಿ, ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು.

"ಯಾರವ್ವ? ಓ, ಸೂಜಿ ಡಾಕ್ಟ್ರಮ್ಮ ಅಲ್ವಾ?" ಎಂದು ಈರಕ್ಕ ಹೊರಗೆ ಬಂದಳು. ಎಪ್ಪತ್ತು ದಾಟಿದ, ಗಟ್ಟಿ ಮೂಳೆಯ ಹೆಂಗಸು. ಗಂಡ ಹೋಗಿ ಇಪ್ಪತ್ತು ವರ್ಷವಾಗಿತ್ತು. ಅರ್ಧ ಎಕರೆಯಲ್ಲಿ ಹುರುಳಿ, ರಾಗಿ ಬೆಳೆದುಕೊಂಡು, ಹಸುವಿನ ಹಾಲು ತನಗೂ ಮಜ್ಜಿಗೆ ಕೇಳಿಬಂದವರಿಗೂ ಸಾಕೆಂದು ಇದ್ದವಳು. ಹಸು ನೀರು ಕುಡಿಯುತ್ತಿದ್ದುದು ಊರ ದನ ಬಾರದ ಬಂಡೆಯ ಮೇಲಿನ ಮಳೆನೀರಿನ ದೊಣೆಯಲ್ಲಿ.

ಪಂಕಜಾ ಜಗುಲಿಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಈರಕ್ಕ ಹುರುಳಿ ಕೇರುತ್ತಲೇ ಕೇಳಿಸಿಕೊಂಡಳು. ಕಾಳು ಮೊರದಲ್ಲಿ ಉಳಿಯುತ್ತಿತ್ತು, ಹೊಟ್ಟು ಪಕ್ಕದ ಗುಡ್ಡೆಗೆ ಹಾರುತ್ತಿತ್ತು.

"ಊರಾಗೆ ದನ ಕೂಗೋದು ಇಲ್ಲೀಗಂಟ ಕೇಳ್ತೈತೆ. ಏನೋ ಜಾಡ್ಯ ಅಂದ್ಕಂಡಿದ್ದೆ," ಎಂದಳು. "ಅದನ್ನ ನೀವೇ ಹಾಕಿದ್ದಾ?"

"ಹೌದಜ್ಜಿ. ನಾನೇ. ಮೊದಲು ನಮ್ಮನೆ ಹಸುಗೇ ಹಾಕ್ದೆ."

"ಅದೆಂಗೈತೆ ಈಗ?"

"ಸಾಯ್ತಾ ಇದೆ."

ಈರಕ್ಕ ಮೊರ ಕೆಳಗಿಟ್ಟಳು. "ನಮ್ ಬೂದೀಗೆ ಹೊಟ್ಟೆ ಕೊಯ್ಯೋದು ಪಯ್ಯೋದು ಬ್ಯಾಡ."

"ಇಲ್ಲ. ಬಾಯಿಂದ ಕೊಳವೆ ಇಳಿಸಿ ಒಂದು ಕ್ಯಾನು ತಗೋತೀನಿ ಅಷ್ಟೇ. ಸಾಯಂಕಾಲದ ಹೊತ್ತಿಗೆ ಮೊದಲಿನ ಹಂಗೇ ಆಗುತ್ತೆ."

"ಅದರಿಂದ ಎಷ್ಟು ಹಸ ಬದುಕ್ತವೆ?"

"ಸದ್ಯಕ್ಕೆ ಆರು. ಆ ಆರರಿಂದ ಆಮೇಲೆ ಇನ್ನಷ್ಟು."

ಈರಕ್ಕ ತಲೆಯೆತ್ತಿ ಬಿಸಿಲು ನೋಡಿದಳು. "ಹೊತ್ತು ಮುಳುಗಿದ್ಮೇಲೆ ನಾವು ಹೆಪ್ಪು ಕೊಡಲ್ಲ ತಾಯಿ. ಈಗ ಇನ್ನೂ ಹೊತ್ತೈತೆ. ತಗೊ," ಎಂದಳು.

ಬೂದಿಯ ಮೂಗುದಾರವನ್ನು ಈರಕ್ಕನೇ ಹಿಡಿದಳು. ಪಂಕಜಾ ಕೊಳವೆ ಇಳಿಸಿ, ಕೈ ಪಂಪಿನಿಂದ ಎಳೆದಾಗ ಹಸಿರು ಮಿಶ್ರಿತ ಕಂದು ನೀರು ಬಂತು. ಅದರಲ್ಲಿ ಅರೆಜೀರ್ಣವಾದ ಹುಲ್ಲಿನ ಎಳೆಗಳು ತೇಲುತ್ತಿದ್ದವು. ಅದನ್ನು ಕಂಡು ಅವಳಿಗೆ ಅಳು ಬರುವಂತಾಯಿತು. ಕ್ಯಾನಿನ ಮುಚ್ಚಳ ಬಿಗಿಯಲು ಬಗ್ಗಿದಾಗ ಬೂದಿ ಅವಳ ತಲೆಯ ಮೇಲೆ ಮೂತಿಯಿಟ್ಟು, ಮುಂದಕ್ಕೆ ಜಾರಿದ ಜಡೆಯನ್ನು ಎರಡು ಮೂರು ಸಲ ನೆಕ್ಕಿತು.

"ನಿನ್ನ ಒಪ್ಪೈತೆ ಕಣೆ," ಎಂದು ಈರಕ್ಕ ನಕ್ಕಳು.

ಕೇಂದ್ರದಲ್ಲಿ ಹೊಟ್ಟೆ ತೊಳೆಸಿಕೊಂಡು, ನಾಲ್ಕು ದಿನದ ಔಷಧಿ ಮುಗಿಸಿದ ಆರು ಹಸುಗಳು ಆಗಲೇ ಕಾಯುತ್ತಿದ್ದವು. ಎಲ್ಲವೂ ಎಳೆಯ, ಗಟ್ಟಿ ಹಸುಗಳು. ಬದುಕಿ ಉಳಿಯಬಲ್ಲವನ್ನೇ ಡಾಕ್ಟರು ಆರಿಸಿದ್ದರು. ಕ್ಯಾನು ಬಂದ ಸುದ್ದಿ ಶಿವಾನಂದನಿಂದ ತಿಳಿದು ಸಿದ್ಧಗಂಗಮ್ಮ ಕೇಂದ್ರದ ಗೇಟಿನವರೆಗೂ ನಡೆದು ಬಂದಿದ್ದರು. ಕೈಯಲ್ಲಿ ಒಂದು ಹಿತ್ತಾಳೆ ಚೊಂಬು.

"ಒಂದು ಚೊಂಬು ಕೊಡೆ. ಕೆಂದಿಗೆ ನಾನೇ ಕುಡಿಸ್ತೀನಿ."

"ಅತ್ತೆ, ಒಂದು ಚೊಂಬು ಕುಡಿಸಿದ್ರೆ ಏನೂ ಆಗಲ್ಲ. ಒಳಗಿರೋ ಹೆಪ್ಪು ಇದನ್ನ ತಿಂದು ಹಾಕುತ್ತೆ. ಹೊಟ್ಟೆ ತೊಳೀಬೇಕು. ಕೆಂದಿ ಅದನ್ನ ತಡ್ಕೊಳಲ್ಲ."

"ಮೊದ್ಲು ಹಾಕುವಾಗ ನಮ್ಮನೇದೇ ಆಗ್ಬೇಕಿತ್ತು. ಈಗ ಬದುಕ್ಸುವಾಗ ನಮ್ಮನೇದು ಬ್ಯಾಡ್ವಾ?"

ಸಿದ್ಧಗಂಗಮ್ಮ ಖಾಲಿ ಚೊಂಬು ಸೆರಗಿನೊಳಗೆ ಮುಚ್ಚಿಕೊಂಡು ಹಿಂದಿರುಗಿದರು. ಐದು ದಿನಕ್ಕೆ ಕೆಂದಿ ಗೋದಲಿಯ ಹಲಗೆ ಬಾಯಲ್ಲಿ ಕಚ್ಚಿಕೊಂಡೇ ಸತ್ತಿತ್ತು. ಅತ್ತೆ ಅದರ ಬಾಯಿಂದ ಹಲಗೆ ಬಿಡಿಸಿ, ಮುಖ ತೊಳೆದು, ಅರಿಶಿನ ಹಚ್ಚಿ, ಒಳಗೆ ಹೋಗಿ ಮಲಗಿದರು.

ಅದೇ ವಾರ ಕೇಂದ್ರದಲ್ಲಿ ಆರು ಹಸುಗಳೂ ಮೇವು ಮುಟ್ಟಿದವು. ಎಂಟನೆಯ ದಿನ ಪರದೆಯ ಮೇಲೆ ಆ ಸಣ್ಣ ಅಲೆ ಮತ್ತೆ ಕಂಡಿತು. ಡಾಕ್ಟರು ಕುರ್ಚಿಯಿಂದ ಎದ್ದು ಪಂಕಜಾಗೆ ಕೈ ಮುಗಿದರು.

ಹನ್ನೆರಡನೆಯ ದಿನ ಈರಕ್ಕ ಬಂದಳು. ಬಸ್ಸಿಳಿದು, ದಾರಿ ಕೇಳಿಕೊಂಡು, ಗೇಟಿನಲ್ಲಿ ನಿಂತು, ಸೆರಗಿನ ಗಂಟಿನಿಂದ ಮುತ್ತುಗದ ಎಲೆಯ ಪೊಟ್ಟಣ ತೆಗೆದಳು.

"ಬೂದಿ ಹಾಕಿದ್ದು ನೋಡು ತಾಯಿ. ಇಂಗೆ ಯಾವತ್ತೂ ಹಾಕಿರ್ಲಿಲ್ಲ. ಮೊನ್ನಿಂದ ಗೋಡೆ ನೆಕ್ತೈತೆ, ಮರದ ತೊಗಟೆ ಕೀಳ್ತೈತೆ. ಮಲಗ್ತಾನೇ ಇಲ್ಲ."

ಎಲೆಯಲ್ಲಿದ್ದುದು ಶಾಯಿಯಂಥ ಕಪ್ಪು ನೀರು. ಪಂಕಜಾಗೆ ಜರಡಿ ಬೇಕಾಗಲಿಲ್ಲ. ಕೊಳವೆ ಹೊಸದಿತ್ತು, ಬಟ್ಟೆ ಹೊಸದಿತ್ತು, ಕೈ ತೊಳೆದಿದ್ದಳು. ಯೋಚಿಸುತ್ತ ಅವಳ ಕೈ ತಾನಾಗಿ ಹೆಗಲ ಮೇಲಿನ ಜಡೆಗೆ ಹೋಯಿತು. ಅಲ್ಲೇ ನಿಂತಿತು.

ಸುಮ್ಮನಿರಬಹುದಿತ್ತು. ಗಾಳಿಯಿಂದ ಬಂತು, ಕಾಗೆಯಿಂದ ಬಂತು ಎನ್ನಬಹುದಿತ್ತು. ಈರಕ್ಕ ನಂಬುತ್ತಿದ್ದಳು.

"ಅಜ್ಜಿ, ಇದು ನನ್ನಿಂದ ಬಂದಿದ್ದು," ಎಂದಳು ಪಂಕಜಾ. "ಅವತ್ತು ಬರೋ ಮೊದಲು ನಮ್ಮ ಕೆಂದಿ ನನ್ನ ಜಡೆ ಬಾಯಿಗೆ ಹಾಕ್ಕೊಂಡಿತ್ತು. ಎಲ್ಲಾ ತೊಳ್ಕೊಂಡೆ, ತಲೆ ತೊಳ್ಕೊಳ್ಲಿಲ್ಲ. ಬೂದಿ ಅದನ್ನೇ ನೆಕ್ತು."

ಈರಕ್ಕ ಅವಳ ಮುಖವನ್ನೇ ನೋಡಿದಳು. ಬೈಯಲಿಲ್ಲ. "ಅಯ್ಯೋ," ಎಂದಳಷ್ಟೇ, ಬಹಳ ಮೆಲ್ಲಗೆ. ಆಮೇಲೆ ಎಲೆಯನ್ನು ಮಡಿಸಿ, ಎಲ್ಲಿ ಹಾಕುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು.

ಡಾಕ್ಟರು ತಕರಾರು ಮಾಡದೆ ಆರು ಹಸುಗಳಲ್ಲಿ ಎರಡರ ಹೊಟ್ಟೆಯಿಂದ ನೀರು ಕೊಟ್ಟರು. ಅವೂ ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಈರಕ್ಕ ಬೇಡವೆಂದಿದ್ದ ಕೆಲಸವನ್ನೇ ಈಗ ಮಾಡಬೇಕಾಯಿತು. ಬೇವಿನ ಮರದ ಕೆಳಗೆ ಬೂದಿಯ ಪಕ್ಕೆ ಕೊಯ್ದು, ಹೊಟ್ಟೆ ಬರಿದು ಮಾಡಿ ತೊಳೆದರು. ಹದಿನೈದು ವರ್ಷದ ಹಸು. ಔಷಧಿ ಕೊಡುವ ನಾಲ್ಕು ದಿನ ಮುಗಿಯುವ ತನಕ ಅದು ತಾಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಈರಕ್ಕನ ಮಡಿಲಲ್ಲಿ ಮೋರೆಯಿಟ್ಟು ಉಸಿರು ಬಿಟ್ಟಿತು. ಪಂಕಜಾ ತಂದ ಕ್ಯಾನು ತೆರೆಯದೆಯೇ ಉಳಿಯಿತು. ಅದನ್ನು ಅಲ್ಲಿ ಬಿಡುವಂತಿರಲಿಲ್ಲ, ಹಿಂದಕ್ಕೆ ಕೇಂದ್ರಕ್ಕೆ ಒಯ್ಯುವಂತೆಯೂ ಇರಲಿಲ್ಲ. ಬೂದಿಯ ಗುಂಡಿಗೇ ಸುರಿದರು.

ಅಲ್ಲಿಂದ ಬಂದವಳೇ ಪಂಕಜಾ ಜಡೆ ಕತ್ತರಿಸಿಕೊಂಡಳು.

ಕೇಂದ್ರದ ಸುತ್ತ ಎರಡು ಸುತ್ತು ಮುಳ್ಳುತಂತಿ ಎದ್ದಿತು. ಹೊರಗೆ ಹೋದವರು ಮತ್ತೆ ಒಳಗೆ ಬರಬೇಕಾದರೆ ತಲೆಗೆ ಮಿಂದು, ಬಟ್ಟೆ ಸುಟ್ಟು, ಗೇಟಿನ ಪಕ್ಕದ ಕೋಣೆಯಲ್ಲಿ ಮೂರು ದಿನ ಕಳೆಯಬೇಕೆಂಬ ಕಟ್ಟಳೆ ಬಂತು. ಪಂಕಜಾ ತಿಂಗಳಿಗೊಮ್ಮೆ ಮನೆಗೆ ಹೋಗುತ್ತಿದ್ದಳು. ಅತ್ತೆ ಊಟ ಬಡಿಸುತ್ತಿದ್ದರು, ಮಾತು ಮಾತ್ರ ಎರಡೇ. ಖಾಲಿ ಕೊಟ್ಟಿಗೆಯಲ್ಲಿ ಶಿವಾನಂದ ಸೌದೆ ಒಟ್ಟಿದ್ದ. ಆರು ಹಸು ಹದಿನೆಂಟಾಗಿ, ಹದಿನೆಂಟು ಅರವತ್ತಾದವು. ತಾಲ್ಲೂಕಿನಲ್ಲಿದ್ದ ಹನ್ನೊಂದು ಸಾವಿರ ಹಸುಗಳಲ್ಲಿ ಅಷ್ಟು ಹೊತ್ತಿಗೆ ಸಾವಿರವೂ ಉಳಿದಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಯಾರೋ ಮುದುಕಿ ಬೇಲಿಯ ಹತ್ತಿರ ನಿಂತಿದ್ದಾಳೆ ಎಂದು ಕಾವಲಿನವನು ಹೇಳಿಕಳಿಸಿದ. ಪಂಕಜಾ ಹೋಗಿ ನೋಡಿದರೆ ಈರಕ್ಕ. ತಂತಿಯಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು. ಪಕ್ಕದಲ್ಲಿ ಒಂದು ದೊಡ್ಡ ಗೋಣಿ ಮೂಟೆ.

"ಕೂದ್ಲು ಯಾಕೆ ತೆಗೆಸ್ದೆ?" ಎಂದಳು ಮೊದಲಿಗೆ.

"ಬೇಡ ಅನಿಸ್ತು ಅಜ್ಜಿ."

ಈರಕ್ಕ ತಲೆಯಾಡಿಸಿದಳು. ಒಳಗಡೆ ಚಪ್ಪರದ ಕೆಳಗೆ ಹತ್ತಾರು ಹಸುಗಳು ಮಲಗಿದ್ದವು. ದವಡೆಗಳು ಒಂದೇ ಹದದಲ್ಲಿ ಆಡುತ್ತಿದ್ದವು. ಅವಳು ಕೈಯನ್ನು ಹಣೆಗೆ ಅಡ್ಡ ಹಿಡಿದು ಒಂದೊಂದನ್ನೇ ನೋಡಿದಳು.

"ಇವೆಲ್ಲ ಬೂದೀ ಹೆಪ್ಪಾ?"

"ಎಲ್ಲಾ ಅದರದೇ."

"ಹುಲ್ಲು ಉದ್ದಕ್ಕೆ ಹಾಕ್ಬ್ಯಾಡಿ. ಗೇಣುದ್ದ ಕತ್ತರ್ಸಿ ಹಾಕಿ, ಒಂಚೂರು ನೀರು ಚಿಮುಕ್ಸಿ. ಬೂದಿಗೆ ಅಂಗೇ ಹಾಕ್ತಿದ್ದೆ," ಎಂದಳು. ಆಮೇಲೆ ಮೂಟೆಯ ಕಡೆ ಕಣ್ಣು ಹಾಯಿಸಿ, ಸ್ವಲ್ಪ ನಾಚಿಕೆಯಿಂದ, "ಈ ಸಲ ಹುರುಳಿ ಚೆನ್ನಾಗಾತು. ಹೊಟ್ಟು ತಿನ್ನೋರಿಲ್ಲ. ಇವಕ್ಕಾದ್ರೂ ಆಗ್ಲಿ ಅಂತ ತಂದೆ," ಎಂದಳು.

ಪಂಕಜಾ ಮೂಟೆಯನ್ನೇ ನೋಡಿದಳು. ಅದು ಬೂದಿ ಓಡಾಡಿದ ಅಂಗಳದಲ್ಲಿ ಕೇರಿದ ಹೊಟ್ಟು. ಆ ಮಣ್ಣಿನಲ್ಲಿ ಬೀಜಕಣ ಎಷ್ಟು ದಿನ ಬದುಕಿರುತ್ತದೆಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಈರಕ್ಕ ಅವಳ ಮುಖ ನೋಡಿಯೇ ತಿಳಿದುಕೊಂಡಳು. "ಓ," ಎಂದಳು. ತನ್ನ ಎರಡು ಕೈಗಳನ್ನು ಮುಂದೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. "ನನ್ ಕೈನಾಗೂ ಇರ್ತೈತೆ ಅಲ್ವಾ? ಅದಕ್ಕೇಯ ನೋಡು, ದೂರದಾಗೇ ನಿಂತ್ಕಂಡೆ. ಹೊಟ್ಟಿನ ವಿಚಾರ ಹೊಳೀಲಿಲ್ಲ."

ಅವಳು ಬಗ್ಗಿ ಮೂಟೆಯ ಬಾಯಿ ಹಿಡಿದಳು. ಬರುವಾಗ ಬಸ್ಸಿನಲ್ಲಿ ಯಾರೋ ಎತ್ತಿಕೊಟ್ಟಿರಬೇಕು. ಒಬ್ಬಳಿಂದ ಅದು ಮೊಣಕಾಲಿಗಿಂತ ಮೇಲೆ ಏಳಲಿಲ್ಲ. ಎರಡನೆಯ ಸಲ ಎತ್ತಲು ಹೋದಾಗ ಅರ್ಧಕ್ಕೇ ಕೈ ಜಾರಿತು.

"ಮೇಡಂ, ಹೊರಗೆ ಹೋದ್ರೆ ಮೂರು ದಿನ..." ಎಂದ ಕಾವಲಿನವನು.

"ಗೊತ್ತು, ತೆಗಿ," ಎಂದಳು ಪಂಕಜಾ.

ಗೇಟು ದಾಟಿ ಹೋಗಿ ಅವಳು ಮೂಟೆಯ ಇನ್ನೊಂದು ಕಡೆ ಹಿಡಿದಳು. ಇಬ್ಬರೂ ಸೇರಿ ಎತ್ತಿದರು. ತಲೆಯ ಸಿಂಬಿಯ ಮೇಲೆ ಭಾರ ಸರಿಯಾಗಿ ಕೂತ ಮೇಲೆ ಈರಕ್ಕ ಒಂದು ಕೈಯಿಂದ ಅದನ್ನು ಹಿಡಿದು, ಇನ್ನೊಂದು ಕೈಯಿಂದ ಪಂಕಜಾಳ ಭುಜವನ್ನು ಒಮ್ಮೆ ಒತ್ತಿ, ಬಸ್ಸಿನ ರಸ್ತೆಯತ್ತ ನಡೆದಳು.